ಮೂಡುಬಿದಿರೆಯಲ್ಲಿ ಕಳೆದುಹೋದ 13.03

ಭಾರತೀಯ ಅಥ್ಲೆಟಿಕ್ಸ್ ಫೆಡರೇಷನ್ನಿನವರಿಗೆ, ವಿಶ್ವವಿದ್ಯಾಲಯಗಳ ಕ್ರೀಡಾ ವಿಭಾಗದವರಿಗೆ, ಹೋಬಳಿಯಿಂದ ಹಿಡಿದು ರಾಜ್ಯಮಟ್ಟದವರೆಗೆ ಕ್ರೀಡಾಕೂಟ ನಡೆಸುವ ಎಲ್ಲರಿಗೂ,

ನಮಸ್ಕಾರ.

ನಾನು ಒಂದು ಹೈಸ್ಕೂಲಿನ ಪಿ.ಟಿ. ಟೀಚರ್. ಕಾಲೇಜಿನಲ್ಲಿದ್ದಾಗ ಹರ್ಡಲ್ಸ್, ಅಂದರೆ ಅಡೆತಡೆ ಓಟ, ಓಡುತ್ತಿದ್ದೆ. ದೊಡ್ಡ ಓಟಗಾರ್ತಿ ಏನಲ್ಲ. ವಿಶ್ವವಿದ್ಯಾಲಯದ ಕೂಟದಲ್ಲಿ ಒಮ್ಮೆ ಹೀಟ್ಸ್, ಅಂದರೆ ಮೊದಲ ಸುತ್ತು, ದಾಟಿದ್ದೇ ನನ್ನ ಪಾಲಿಗೆ ಹಬ್ಬ. ಎಡಗಾಲಿನ ಮೊಣಕಾಲ ಕೆಳಗೆ ಒಂದು ಕಲೆ ಉಳಿದಿದೆ, ಅದರ ಕಥೆ ಆಮೇಲೆ ಹೇಳುತ್ತೇನೆ. ಈಗ ಬರೆಯುತ್ತಿರುವುದು ಹರ್ಡಲ್ಸ್ ಓಟಗಾರ್ತಿ ಜ್ಯೋತಿ ಯರ್ರಾಜಿ ಬಗ್ಗೆ. ಅವಳು ಓಡುವಾಗ ಟ್ರ್ಯಾಕಿನ ಪಕ್ಕದಲ್ಲಿ ಯಾರು ಇದ್ದರು, ಯಾರು ಇರಬೇಕಿತ್ತು ಎಂಬುದರ ಬಗ್ಗೆ.

ಅವಳು ಅಂತ ಬರೆಯುತ್ತಿದ್ದೇನೆ. ಏಷ್ಯಾದ ಚಾಂಪಿಯನ್ ಅನ್ನು ಹೀಗೆ ಕರೆಯಬಾರದು, ಗೊತ್ತು. ನನ್ನ ಹಳೇ ವಿದ್ಯಾರ್ಥಿನಿಯರ ವಯಸ್ಸಿನವಳು, ಬಾಯಿಗೆ ಹಾಗೇ ಬರುತ್ತದೆ. ಸಲಿಗೆ ಅಂದುಕೊಂಡು ಬಿಟ್ಟುಬಿಡಿ.

ವಿಶಾಖಪಟ್ಟಣದ ಹುಡುಗಿ. ಹುಟ್ಟಿದ್ದು 1999ರಲ್ಲಿ. ಅಪ್ಪ ಸೆಕ್ಯುರಿಟಿ ಗಾರ್ಡ್. ಅಮ್ಮ ಬೇರೆಯವರ ಮನೆಯಲ್ಲಿ ಕೆಲಸ ಮಾಡಿ, ಆಸ್ಪತ್ರೆಯಲ್ಲಿ ಸ್ವಚ್ಛತೆ ಕೆಲಸಕ್ಕೂ ಹೋಗುತ್ತಿದ್ದವರು. ಶಾಲೆಯ ಪಿ.ಟಿ. ಮೇಷ್ಟ್ರು ಇವಳ ಎತ್ತರ ನೋಡಿ ಹರ್ಡಲ್ಸ್‌ಗೆ ಹಾಕಿದರಂತೆ. ಓದಿದಾಗ ನನಗೆ ಸುಮ್ನೆ ಖುಷಿಯಾಯಿತು, ನಮ್ಮವರೊಬ್ಬರ ಕಣ್ಣು ಸರಿಯಾದ ಕಡೆ ಬಿದ್ದಿತ್ತಲ್ಲ ಅಂತ. ಅಲ್ಲಿಂದ ಹೈದರಾಬಾದಿನಲ್ಲಿ ಎನ್. ರಮೇಶ್ ಹತ್ತಿರ ತರಬೇತಿ, ಆಮೇಲೆ ಗುಂಟೂರು, ಆಮೇಲೆ ಭುವನೇಶ್ವರದಲ್ಲಿ ಜೇಮ್ಸ್ ಹಿಲಿಯರ್ ಹತ್ತಿರ.

ಈಗ ವಿಷಯಕ್ಕೆ ಬರುತ್ತೇನೆ. 2020ರ ಜನವರಿ. ನಮ್ಮ ಮೂಡುಬಿದಿರೆಯಲ್ಲಿ ಅಖಿಲ ಭಾರತ ಅಂತರ ವಿಶ್ವವಿದ್ಯಾಲಯ ಅಥ್ಲೆಟಿಕ್ಸ್ ಕೂಟ. ಜ್ಯೋತಿಗೆ ಆಗ ಇಪ್ಪತ್ತು ವರ್ಷ. 100 ಮೀಟರ್ ಹರ್ಡಲ್ಸ್ ಅನ್ನು 13.03 ಸೆಕೆಂಡಿನಲ್ಲಿ ಓಡಿದಳು.

ಆಗ ರಾಷ್ಟ್ರೀಯ ದಾಖಲೆ ಎಷ್ಟಿತ್ತು? 13.38. ಒಡಿಶಾದ ಅನುರಾಧಾ ಬಿಸ್ವಾಲ್ 2002ರಲ್ಲಿ ದೆಹಲಿಯಲ್ಲಿ ಓಡಿದ್ದು. ಹದಿನೇಳು ವರ್ಷಕ್ಕೂ ಮಿಕ್ಕಿ ಯಾರೂ ಮುಟ್ಟಿರಲಿಲ್ಲ. 0.35 ಸೆಕೆಂಡ್ ಅಂದರೆ ಪೇಪರಿನಲ್ಲಿ ಏನೂ ಅನಿಸುವುದಿಲ್ಲ. ಟ್ರ್ಯಾಕಿನ ಮೇಲೆ ಅದು ಎರಡೂವರೆ ಮೀಟರ್. ಹಳೇ ದಾಖಲೆಯ ಬಿಸ್ವಾಲ್ ಪಕ್ಕದ ಲೇನಿನಲ್ಲಿ ಓಡಿದ್ದರೆ, ಈ ಹುಡುಗಿ ಗೆರೆ ದಾಟುವಾಗ ಅವರು ಎರಡೂವರೆ ಮೀಟರ್ ಹಿಂದೆ ಇರುತ್ತಿದ್ದರು. ಈ ಸ್ಪರ್ಧೆಯಲ್ಲಿ ಗೆಲುವು ಸೋಲು ತೀರ್ಮಾನ ಆಗುವುದೇ ಎದೆ ಮುಂದೆ ಚಾಚುವುದರಲ್ಲಿ. ಅಂಥದ್ದರಲ್ಲಿ ಎರಡೂವರೆ ಮೀಟರ್!

ಆದರೆ ಆ 13.03 ದಾಖಲೆ ಆಗಲಿಲ್ಲ. ಗಾಳಿ ಜಾಸ್ತಿ ಇತ್ತು ಅಂತಲ್ಲ. ಅವಳು ತಪ್ಪು ಮಾಡಿದ್ದಳು ಅಂತಲೂ ಅಲ್ಲ. ಉದ್ದೀಪನ ಮದ್ದು ತಡೆಯುವ ರಾಷ್ಟ್ರೀಯ ಸಂಸ್ಥೆ ನಾಡಾದಿಂದ (NADA) ಅವಳಿಗೆ ಡೋಪ್ ಟೆಸ್ಟ್ ಆಗಿರಲಿಲ್ಲ. ಫೆಡರೇಷನ್ನಿನ ತಾಂತ್ರಿಕ ಪ್ರತಿನಿಧಿ ಅಲ್ಲಿರಲಿಲ್ಲ. ಅಷ್ಟೇ.

ಮದುವೆ ಮನೆಯಲ್ಲಿ ಪುರೋಹಿತರೇ ಬಂದಿಲ್ಲ, ಹಾಗಾಗಿ ಮದುವೆ ಲೆಕ್ಕಕ್ಕಿಲ್ಲ ಅಂತ ಹುಡುಗಿಗೆ ಹೇಳಿದ ಹಾಗಾಯಿತು. ಕರೆಯಬೇಕಾದವರು ಯಾರು? ಹುಡುಗಿಯಾ?

ನಿಯಮ ಬೇಡ ಅಂತ ನಾನು ಹೇಳುತ್ತಿಲ್ಲ. ದಾಖಲೆ ಮಾಡಿದವರ ಮೂತ್ರ ಪರೀಕ್ಷೆ ಆಗಲೇಬೇಕು. ಉದ್ದೀಪನ ಮದ್ದಿನ ವಿಷಯದಲ್ಲಿ ನಮ್ಮ ದೇಶದ ಹೆಸರು ಎಷ್ಟು ಚೆನ್ನಾಗಿದೆ ಅಂತ ನಿಮಗೂ ಗೊತ್ತು, ನನಗೂ ಗೊತ್ತು. ಅದಕ್ಕೇ ಕೇಳುತ್ತಿದ್ದೇನೆ. ದೇಶದ ವಿಶ್ವವಿದ್ಯಾಲಯಗಳ ಮಕ್ಕಳೆಲ್ಲ ಒಂದು ಊರಿಗೆ ಬಂದು ಸೇರುವ ಕೂಟ. ಮುಂದೆ ದೇಶದ ಅಂಗಿ ಹಾಕಿಕೊಳ್ಳುವ ಎಷ್ಟೋ ಮಂದಿ ಅಲ್ಲೇ ಇರುತ್ತಾರೆ. ಅಲ್ಲಿ ಗೆದ್ದವರಿಗೆ ಟೆಸ್ಟ್ ಆಗದೆ ಇದ್ದರೆ ಬೇರೆ ಎಲ್ಲಿ ಆಗಬೇಕು? ಪ್ರಾಮಾಣಿಕವಾಗಿ ಓಡಿದವಳಿಗೆ ಅದರಿಂದ ದಾಖಲೆ ಹೋಯಿತು. ಮದ್ದು ತೆಗೆದುಕೊಂಡು ಓಡಿದವರು ಯಾರಾದರೂ ಅಲ್ಲಿದ್ದಿದ್ದರೆ, ಅವರು ಆರಾಮಾಗಿ ಬಸ್ಸು ಹತ್ತಿ ಮನೆಗೆ ಹೋಗಿರುತ್ತಾರೆ. ಇದು ಯಾರಿಗೆ ಅನುಕೂಲವಾದ ವ್ಯವಸ್ಥೆ, ಹೇಳಿ.

ಹೋಗಲಿ, ಮುಂದಿನ ಕೂಟದಲ್ಲಿ ಮಾಡಿದರಾಯಿತು ಅಂತ ಆಗ ಯಾರೋ ಅಂದಿರಬಹುದು. ಎರಡೇ ತಿಂಗಳಿಗೆ ಕೊರೊನಾ ಬಂತು. ಸ್ಟೇಡಿಯಂಗಳಿಗೆ ಬೀಗ ಬಿತ್ತು. ಆ ಹುಡುಗಿ ತನ್ನದೇ ದಾಖಲೆಯನ್ನು ಕಾಗದದ ಮೇಲೆ ನೋಡಲು 2022ರ ಮೇ ತನಕ ಕಾಯಬೇಕಾಯಿತು. ಎರಡು ವರ್ಷ ನಾಲ್ಕು ತಿಂಗಳು. ಓಟಗಾರರ ಆಯುಷ್ಯದಲ್ಲಿ ಅದು ಸಣ್ಣ ಅವಧಿ ಅಲ್ಲ. ರಾಷ್ಟ್ರೀಯ ದಾಖಲೆ ಹೆಸರಲ್ಲಿದ್ದರೆ ಕ್ಯಾಂಪಿಗೆ ಕರೆ ಬರುತ್ತದೆ, ಹೊರದೇಶದ ಕೂಟಕ್ಕೆ ಬಾಗಿಲು ತೆರೆಯುತ್ತದೆ, ಕೆಲಸಕ್ಕೆ ಅರ್ಜಿ ಹಾಕಿದಾಗ ಮಾತು ನಡೆಯುತ್ತದೆ. "ಓಡಿದ್ದೆ, ಆದರೆ ಲೆಕ್ಕಕ್ಕಿಲ್ಲ" ಅಂದರೆ ಯಾರು ಕೇಳುತ್ತಾರೆ?

2022ರ ಏಪ್ರಿಲ್‌ನಲ್ಲಿ ಇನ್ನೊಂದು ಸಲ ಕೈಗೆ ಬಂದದ್ದು ಬಾಯಿಗೆ ಬರಲಿಲ್ಲ. ಕೇರಳದ ಕಲ್ಲಿಕೋಟೆಯಲ್ಲಿ ಫೆಡರೇಷನ್ ಕಪ್. 13.09 ಓಡಿದಳು. ಗಾಳಿಮಾಪಕ 2.1 ಅಂತ ತೋರಿಸಿತು. ಹಿಂದಿನಿಂದ ಬೀಸುವ ಗಾಳಿ ಸೆಕೆಂಡಿಗೆ 2.0 ಮೀಟರ್ ದಾಟಿದರೆ ದಾಖಲೆ ಇಲ್ಲ. ಬರೀ 0.1 ಹೆಚ್ಚು. ಮೊದಲ ಲೇನಿನ ಪಕ್ಕ, ಮುಗಿಯುವ ಗೆರೆಗೆ 50 ಮೀಟರ್ ಹಿಂದೆ, ಸೊಂಟಕ್ಕಿಂತ ಸ್ವಲ್ಪ ಮೇಲಕ್ಕೆ ನಿಲ್ಲಿಸಿದ ಆ ಪುಟ್ಟ ಯಂತ್ರ ಹದಿಮೂರು ಸೆಕೆಂಡು ಗಾಳಿ ಅಳೆದು ಹೇಳಿದ ಮಾತು ಅದು. ನನಗೆ ಬೇಜಾರಾಯಿತು, ಸಿಟ್ಟು ಬರಲಿಲ್ಲ. ಯಾಕೆಂದರೆ ಅಲ್ಲಿ ಎಲ್ಲರೂ ಅವರವರ ಕೆಲಸ ಮಾಡಿದ್ದರು. ಗಾಳಿ ಮಾತ್ರ ಅವಳ ಮಾತು ಕೇಳಲಿಲ್ಲ. ಗಾಳಿಗೆ ಪತ್ರ ಬರೆಯಲು ಆಗುವುದಿಲ್ಲ. ನಿಮಗೆ ಬರೆಯಬಹುದು.

ಕೊನೆಗೆ ಅದು ಆಗಿದ್ದು ಸೈಪ್ರಸ್ಸಿನಲ್ಲಿ. ಮೇ 10, ಲಿಮಾಸೋಲ್, 13.23. ಇಪ್ಪತ್ತು ವರ್ಷದ ದಾಖಲೆ ಮುರಿಯಿತು ಅಂತ ಪೇಪರಿನವರು ಬರೆದರು. ಅವಳಿಗೆ ನಗು ಬಂದಿರಬೇಕು. ಇದಕ್ಕಿಂತ ಜೋರಾಗಿ ಅವಳು ಮೂಡುಬಿದಿರೆಯಲ್ಲೇ ಓಡಿ ಎರಡು ವರ್ಷ ದಾಟಿತ್ತಲ್ಲ! ಮೇ 22ಕ್ಕೆ ಇಂಗ್ಲೆಂಡಿನ ಲಫ್‌ಬರೋದಲ್ಲಿ 13.11. ಮೇ 26ಕ್ಕೆ ನೆದರ್ಲೆಂಡ್ಸ್‌ನಲ್ಲಿ 13.04. ಹದಿನಾರು ದಿನದ ಅಂತರದಲ್ಲಿ ಮೂರು ದಾಖಲೆ. ಇಲ್ಲಿ ಎರಡು ವರ್ಷ ಆಗದ್ದು ಅಲ್ಲಿ ಎರಡು ವಾರದಲ್ಲಿ ಹೇಗಾಯಿತು? ಪಕ್ಕದಲ್ಲಿ ಓಡಲು ಒಳ್ಳೆಯ ಓಟಗಾರ್ತಿಯರು ಇದ್ದರು, ಅದೊಂದು. ಯಂತ್ರ, ಅಧಿಕಾರಿ, ಕಾಗದಪತ್ರ ಎಲ್ಲ ಅದರದರ ಜಾಗದಲ್ಲಿ ಇದ್ದವು, ಅದು ಇನ್ನೊಂದು. ನೋಡಿ, ಮೂಡುಬಿದಿರೆಯ 13.03ಕ್ಕೆ ಅವಳು ಆ ಮೂರು ಓಟಗಳಲ್ಲೂ ಮತ್ತೆ ತಲುಪಲಿಲ್ಲ. ಹತ್ತಿರ ಬಂದಳು, 13.04. ಎಂಥ ಓಟವನ್ನು ನಾವು ಕಸದ ಬುಟ್ಟಿಗೆ ಹಾಕಿದ್ದೆವು ಅಂತ ಇದರಿಂದಲೇ ಗೊತ್ತಾಗುತ್ತದೆ.

ನ್ಯಾಯವಾಗಿ ಹೇಳಬೇಕಾದದ್ದು ಇನ್ನೊಂದಿದೆ. ಅದೇ ವರ್ಷ ಅಕ್ಟೋಬರ್ 17ರಂದು ಬೆಂಗಳೂರಿನ ಕಂಠೀರವದಲ್ಲಿ ರಾಷ್ಟ್ರೀಯ ಓಪನ್ ಕೂಟ. ಜ್ಯೋತಿ 12.82 ಓಡಿದಳು. ಗಾಳಿ ಮಿತಿಯೊಳಗೆ ಇತ್ತು, ಎಲ್ಲವೂ ಕ್ರಮವಾಗಿತ್ತು, ದಾಖಲೆ ನಿಂತಿತು. ಹದಿಮೂರು ಸೆಕೆಂಡಿನ ಒಳಗೆ ಲೆಕ್ಕಕ್ಕೆ ಸಿಗುವ ಹಾಗೆ ಓಡಿದ ಮೊದಲ ಭಾರತೀಯ ಮಹಿಳೆ, ಅದೂ ನಮ್ಮ ರಾಜಧಾನಿಯ ಟ್ರ್ಯಾಕಿನಲ್ಲಿ. ಅದಕ್ಕೆ ಸ್ವಲ್ಪ ದಿನ ಮೊದಲು ಗುಜರಾತಿನ ರಾಷ್ಟ್ರೀಯ ಕ್ರೀಡಾಕೂಟದಲ್ಲಿ 12.79 ಓಡಿದ್ದಳು, ಅದನ್ನು ಮತ್ತೆ ಗಾಳಿ ತಿಂದುಹಾಕಿತ್ತು. ಬೆಂಗಳೂರಿನ ಓಟದ ದಿನ ಸೋಮವಾರ. ಶಾಲೆ ಇತ್ತು, ನಾನು ಹೋಗಲಿಲ್ಲ. ಈಗಲೂ ನೆನೆಸಿಕೊಂಡರೆ ಹೊಟ್ಟೆ ಉರಿಯುತ್ತದೆ. ಒಂದು ರಜೆ ಹಾಕಿದ್ದರೆ ಏನಾಗುತ್ತಿತ್ತು ನನಗೆ?

ಅಂದರೆ ನಮಗೆ ಬರುವುದಿಲ್ಲ ಅಂತಲ್ಲ. ಮನಸ್ಸು ಮಾಡಿದರೆ ಇಲ್ಲೂ ಆಗುತ್ತದೆ.

ಮುಂದಿನದು ನಿಮಗೆಲ್ಲ ಗೊತ್ತಿರುವುದೇ. 2023ರ ಜುಲೈನಲ್ಲಿ ಬ್ಯಾಂಕಾಕ್‌ನಲ್ಲಿ ಏಷ್ಯನ್ ಚಾಂಪಿಯನ್‌ಶಿಪ್ ಚಿನ್ನ, ಈ ಸ್ಪರ್ಧೆಯಲ್ಲಿ ಭಾರತದ ಮಹಿಳೆಗೆ ಮೊದಲನೆಯದು. ಆಗಸ್ಟ್‌ನಲ್ಲಿ ಚೆಂಗ್ಡುವಿನ ವಿಶ್ವ ವಿಶ್ವವಿದ್ಯಾಲಯ ಕೂಟದಲ್ಲಿ 12.78, ಕಂಚು. ಎಂಥ ತಮಾಷೆ ನೋಡಿ: ನಮ್ಮ ವಿಶ್ವವಿದ್ಯಾಲಯ ಕೂಟದಲ್ಲಿ ನಿಲ್ಲದ ದಾಖಲೆ, ಜಗತ್ತಿನ ವಿಶ್ವವಿದ್ಯಾಲಯ ಕೂಟದಲ್ಲಿ ನಿಂತಿತು.

ಹಾಂಗ್‌ಝೌ ಏಷ್ಯನ್ ಗೇಮ್ಸ್ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು. 2023ರ ಅಕ್ಟೋಬರ್ 1. ಫೈನಲ್. ಪಕ್ಕದ ಚೀನಾದ ವು ಯಾನ್ನಿ ಗುಂಡಿನ ಸದ್ದಿಗೆ ಮೊದಲೇ ಎದ್ದಳು. ಅವಳ ಜೊತೆ ಜ್ಯೋತಿಗೂ ಅಧಿಕಾರಿಗಳು ಕೆಂಪು ಕಾರ್ಡು ತೋರಿಸಿದರು. ನಾನು ಟಿವಿ ಮುಂದೆ ಕೂತು ಬೈಯುತ್ತಿದ್ದೆ, ಮನೆಯವರು ಏನಾಯಿತು ಅಂತ ಓಡಿ ಬಂದರು. ಜ್ಯೋತಿ ಸುಮ್ಮನೆ ಟ್ರ್ಯಾಕ್ ಬಿಟ್ಟು ಹೋಗಲಿಲ್ಲ. ವಾದ ಮಾಡಿದಳು. ರೀಪ್ಲೇ ನೋಡಿ ಅಂತ ಪಟ್ಟು ಹಿಡಿದಳು. ಕೊನೆಗೆ ಇಬ್ಬರಿಗೂ ಓಡಲು ಬಿಟ್ಟರು. ಹಾಗೆಲ್ಲ ಜಗಳ ಆದ ಮೇಲೆ ಮತ್ತೆ ಬ್ಲಾಕಿನಲ್ಲಿ ಕಾಲಿಟ್ಟು ಹತ್ತು ಹರ್ಡಲ್ ದಾಟುವುದು ಹೇಗೆ ಅಂತ ಹರ್ಡಲ್ಸ್ ಓಡಿದವರಿಗೆ ಕೇಳಿ. ಮೊದಲ ಹರ್ಡಲ್‌ಗೆ ಎಂಟು ಹೆಜ್ಜೆ, ಆಮೇಲೆ ಮೂರು ಮೂರು ಹೆಜ್ಜೆ. ತಲೆ ಒಂದು ಕ್ಷಣ ಬೇರೆ ಕಡೆ ಹೋದರೂ ಹೆಜ್ಜೆ ತಪ್ಪುತ್ತದೆ. ಅವಳು 12.91ರಲ್ಲಿ ಮುಗಿಸಿ ಮೂರನೆಯವಳಾಗಿ ಬಂದಳು. ನಮ್ಮ ತಂಡದವರು ಪ್ರತಿಭಟನೆ ಸಲ್ಲಿಸಿದರು. ಚೀನಾದ ಹುಡುಗಿ ಅನರ್ಹಳಾದಳು. ಕಂಚು ಬೆಳ್ಳಿಯಾಯಿತು.

ಅವತ್ತು ಟ್ರ್ಯಾಕಿನ ಪಕ್ಕದಲ್ಲಿ ನಮ್ಮವರು ಇದ್ದರು. ನಿಯಮ ಗೊತ್ತಿದ್ದವರು, ಎಲ್ಲಿ ಹೋಗಿ ಯಾರ ಹತ್ತಿರ ಏನು ಕೇಳಬೇಕು ಅಂತ ತಿಳಿದವರು. ನಿಮ್ಮವರೇ. ಅದಕ್ಕೆ ಧನ್ಯವಾದ ಹೇಳದೆ ಈ ಪತ್ರ ಬರೆದರೆ ಅನ್ಯಾಯ. ಮೂಡುಬಿದಿರೆಯಲ್ಲಿ ಅಂಥ ಒಬ್ಬರೇ ಒಬ್ಬರು ಇದ್ದಿದ್ದರೆ ಸಾಕಾಗಿತ್ತು, ಅಲ್ವಾ?

2024ರ ಮೇನಲ್ಲಿ ಫಿನ್ಲೆಂಡಿನಲ್ಲಿ ಮತ್ತೆ 12.78 ಓಡಿದಳು. ಪ್ಯಾರಿಸ್ ಒಲಿಂಪಿಕ್ಸ್‌ಗೆ ನೇರ ಅರ್ಹತೆ 12.77. ಒಂದು ಸೆಕೆಂಡಿನ ನೂರನೇ ಒಂದು ಭಾಗ. ಅವಳ ವೇಗದಲ್ಲಿ ಲೆಕ್ಕ ಹಾಕಿದರೆ ಎಂಟು ಸೆಂಟಿಮೀಟರ್, ಅಂದರೆ ನಾಲ್ಕು ಬೆರಳಿನ ಅಗಲ. 1984ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಪಿ.ಟಿ. ಉಷಾ 400 ಮೀಟರ್ ಹರ್ಡಲ್ಸ್‌ನಲ್ಲಿ ಕಂಚು ಕಳೆದುಕೊಂಡದ್ದೂ ಇಷ್ಟರಲ್ಲೇ. ಹರ್ಡಲ್ಸ್‌ಗೂ ನಮಗೂ ಈ ನೂರನೇ ಒಂದು ಭಾಗದ್ದು ಏನೋ ಋಣ ಇದೆ. ಜ್ಯೋತಿ ರ‍್ಯಾಂಕಿಂಗ್ ಮೂಲಕ ಪ್ಯಾರಿಸ್‌ಗೆ ಹೋದಳು, ಒಲಿಂಪಿಕ್ಸ್‌ನಲ್ಲಿ 100 ಮೀಟರ್ ಹರ್ಡಲ್ಸ್ ಓಡಿದ ಮೊದಲ ಭಾರತೀಯಳಾದಳು. ಅಲ್ಲಿ ಹೀಟ್ಸ್‌ನಲ್ಲಿ 13.16, ಇನ್ನೊಂದು ಅವಕಾಶದ ಸುತ್ತಿನಲ್ಲಿ 13.17. ಅವಳ ಮಟ್ಟಕ್ಕೆ ಚೆನ್ನಾಗಿ ಓಡಲಿಲ್ಲ, ಮುಚ್ಚಿಡುವುದೇನಿದೆ. 2025ರ ಮೇನಲ್ಲಿ ಕೊರಿಯಾದ ಗುಮಿಯಲ್ಲಿ 12.96, ಕೂಟದ ದಾಖಲೆ, ಎರಡನೇ ಸಲ ಏಷ್ಯನ್ ಚಿನ್ನ. ಅದಾಗಿ ಸ್ವಲ್ಪ ದಿನಕ್ಕೆ ಮೊಣಕಾಲಿಗೆ ಪೆಟ್ಟು, ಶಸ್ತ್ರಚಿಕಿತ್ಸೆ. ಆ ವರ್ಷದ ಓಟ ಅಲ್ಲಿಗೆ ನಿಂತಿತು. ಮೊಣಕಾಲಿನ ಆಪರೇಷನ್ ಆದ ಓಟಗಾರ್ತಿಯ ಬಗ್ಗೆ ಯೋಚಿಸಿದಾಗಲೆಲ್ಲ ನನಗೆ ಆ ಕಳೆದುಹೋದ ಎರಡು ವರ್ಷ ಇನ್ನಷ್ಟು ದುಬಾರಿ ಅನಿಸುತ್ತದೆ. ಕಾಲಿಗೆ ಇಷ್ಟು ಸಾವಿರ ಓಟ ಅಂತ ಲೆಕ್ಕ ಇರುತ್ತದೆ. ಅದರಲ್ಲಿ ಒಂದನ್ನು ನಾವು ಪೋಲು ಮಾಡಿದೆವು.

ಈಗ ನನ್ನ ಕಾಲಿನ ಕಲೆಯ ಕಥೆ.

ನಾನು ಓಡುತ್ತಿದ್ದ ಕಾಲದಲ್ಲಿ ಒಂದು ಕೂಟದಲ್ಲಿ ಹರ್ಡಲ್‌ಗಳನ್ನು ವೆಲ್ಡಿಂಗ್ ಅಂಗಡಿಯಲ್ಲಿ ಮಾಡಿಸಿದ್ದರು. ಕಬ್ಬಿಣದ ಚೌಕಟ್ಟು, ಎರಡೂ ಕಡೆ ಪಾದ. ಅಂದರೆ ಟೀ ಅಕ್ಷರವನ್ನು ತಲೆಕೆಳಗು ಮಾಡಿದ ಹಾಗೆ. ಯಾವ ಕೂಟ, ಯಾರು ನಡೆಸಿದರು ಬೇಡ ಬಿಡಿ, ಈಗ ಹೇಳಿ ಏನು ಪ್ರಯೋಜನ. ಸರಿಯಾದ ಹರ್ಡಲ್‌ನ ಪಾದ ಓಟಗಾರರು ಬರುವ ಕಡೆಗೆ ಮಾತ್ರ ಚಾಚಿರುತ್ತದೆ. ಅದರಲ್ಲಿ ಜರುಗಿಸುವ ತೂಕ ಇರುತ್ತದೆ. ಮೇಲಿನ ಪಟ್ಟಿಗೆ ನಾಲ್ಕು ಕಿಲೋ ಒತ್ತಡ ಬಿದ್ದರೆ ಮುಂದಕ್ಕೆ ಬೀಳಲೇಬೇಕು, ನಿಯಮವೇ ಹಾಗಿದೆ. ನನ್ನ ಎದುರು ಇದ್ದದ್ದು ಬೀಳುವ ಜಾತಿಯದಲ್ಲ. ಐದನೇ ಹರ್ಡಲ್‌ಗೆ ಕಾಲು ತಾಗಿತು. ಅದು ನಿಂತೇ ಇತ್ತು, ನಾನು ಬಿದ್ದೆ. ಏಳು ಹೊಲಿಗೆ.

ಗಾಯ ಒಂದು ತಿಂಗಳಿಗೆ ವಾಸಿಯಾಯಿತು. ಭಯ ವಾಸಿಯಾಗಲಿಲ್ಲ. ಆಮೇಲೆ ನಾನು ಪ್ರತಿ ಹರ್ಡಲ್ ಅನ್ನೂ ಒಂದು ಗೇಣು ಎತ್ತರಕ್ಕೆ ಹಾರತೊಡಗಿದೆ. ಹರ್ಡಲ್ಸ್ ನೋಡದವರಿಗೆ ಇದು ಒಳ್ಳೆಯದೇ ಅನಿಸಬಹುದು. ಅಲ್ಲ. ಇದರಲ್ಲಿ ಹಾರುವುದೇ ತಪ್ಪು. 83.8 ಸೆಂಟಿಮೀಟರ್ ಎತ್ತರದ ಪಟ್ಟಿಯನ್ನು ಸವರಿದ ಹಾಗೆ, ಓಡುತ್ತಲೇ ದಾಟಬೇಕು. ಗಾಳಿಯಲ್ಲಿ ಇರುವಷ್ಟು ಹೊತ್ತೂ ವೇಗ ಇಳಿಯುತ್ತಿರುತ್ತದೆ. ಕಾಲು ನೆಲಕ್ಕೆ ಬೇಗ ಬರಬೇಕು. ಒಂದೊಂದು ಹರ್ಡಲ್‌ಗೂ ನೂರನೇ ಮೂರು ಭಾಗ ಹೋದರೆ ಹತ್ತು ಹರ್ಡಲ್‌ಗೆ 0.30. ಹೆಚ್ಚುಕಡಿಮೆ ಬಿಸ್ವಾಲ್ ಅವರ ದಾಖಲೆಗೂ ಮೂಡುಬಿದಿರೆಯ ಓಟಕ್ಕೂ ಇದ್ದ ಅಂತರ ಅಷ್ಟೇ.

ಈಗಲೂ ನಮ್ಮ ಮಕ್ಕಳನ್ನು ಕೂಟಗಳಿಗೆ ಕರೆದುಕೊಂಡು ಹೋದಾಗ ನಾನು ಮೊದಲು ಮಾಡುವ ಕೆಲಸ ಹರ್ಡಲ್ ಹತ್ತಿರ ಹೋಗಿ ಅಂಗೈಯಲ್ಲಿ ತಳ್ಳಿ ನೋಡುವುದು. ಬಿದ್ದರೆ ಸಮಾಧಾನ. ಬೀಳದೆ ಇದ್ದರೆ ಮಕ್ಕಳ ಕಿವಿಯಲ್ಲಿ ಹೇಳುತ್ತೇನೆ, "ಮೇಲಕ್ಕೆ ಹಾರಿ ಪರವಾಗಿಲ್ಲ, ಪ್ರೈಜ್ ಬರದಿದ್ದರೂ ಪರವಾಗಿಲ್ಲ". ಹೇಳಿದ ಮೇಲೆ ನಾಚಿಕೆಯಾಗುತ್ತದೆ. ತಪ್ಪು ಪಾಠ ಹೇಳಿಕೊಡುತ್ತಿದ್ದೇನೆ ಅಂತ ಗೊತ್ತಿದ್ದೂ ಹೇಳುತ್ತೇನೆ. ಬೇರೆ ಏನು ಮಾಡಲಿ?

ಕಬ್ಬಿಣದ ಹರ್ಡಲ್‌ಗೂ ಬಾರದೆ ಇದ್ದ ಡೋಪ್ ಟೆಸ್ಟ್ ಅಧಿಕಾರಿಗೂ ಏನು ಸಂಬಂಧ ಅಂತ ನೀವು ಕೇಳಬಹುದು. ನನಗೆ ಎರಡೂ ಒಂದೇ ರೋಗ. ಓಡುವವಳು ತನ್ನ ಕೆಲಸ ಮಾಡಿರುತ್ತಾಳೆ. ಬೆಳಿಗ್ಗೆ ಐದಕ್ಕೆ ಎದ್ದಿರುತ್ತಾಳೆ. ಅವಳ ಸುತ್ತ ನಿಂತ ನಾವು, ದೊಡ್ಡವರು, ನಮ್ಮ ಪಾಲಿನ ಸಣ್ಣ ಕೆಲಸ ಮರೆತಿರುತ್ತೇವೆ. ಶಾಲು, ಹಾರ, ವೇದಿಕೆ, ಶಾಮಿಯಾನ ಯಾವತ್ತೂ ಮರೆಯುವುದಿಲ್ಲ ನೋಡಿ. ಉದ್ಘಾಟನೆ ಭಾಷಣಕ್ಕೆ ಒಂದೂವರೆ ಗಂಟೆ ಕೊಡುತ್ತೇವೆ. ಹರ್ಡಲ್ಸ್ ಮಾತ್ರ ಮಧ್ಯಾಹ್ನದ ಉರಿಬಿಸಿಲಿಗೆ ಹೋಗುತ್ತದೆ.

ಹಾಗಾಗಿ ನಾನು ಕೇಳುವುದು ಇಷ್ಟು. ಅಂತರ ವಿಶ್ವವಿದ್ಯಾಲಯ ಕೂಟವೇ ಇರಲಿ, ಜೂನಿಯರ್ ಕೂಟವೇ ಇರಲಿ, ರಾಷ್ಟ್ರಮಟ್ಟದ್ದು ಅಂದ ಮೇಲೆ ಫೆಡರೇಷನ್ನಿನ ತಾಂತ್ರಿಕ ಪ್ರತಿನಿಧಿ ಯಾರು, ಡೋಪ್ ಟೆಸ್ಟ್ ವ್ಯವಸ್ಥೆ ಏನು ಅಂತ ಸುತ್ತೋಲೆಯಲ್ಲೇ ಮೊದಲು ಬರೆಯಿರಿ. ಊಟ, ವಸತಿ ಬಗ್ಗೆ ಎರಡು ಪುಟ ಬರೆಯುತ್ತೀರಲ್ಲ, ಅದರ ಜೊತೆ ಎರಡು ಸಾಲು. ಅಷ್ಟು ಇಲ್ಲದಿದ್ದರೆ "ಇಲ್ಲಿ ಓಡಿದ್ದು ದಾಖಲೆಗೆ ಲೆಕ್ಕವಿಲ್ಲ" ಅಂತಲಾದರೂ ಬರೆಯಿರಿ. ಓಡುವವರು ಮೊದಲೇ ತಿಳಿದುಕೊಳ್ಳಲಿ. ಓಡಿದ ಮೇಲೆ ಹೇಳಬೇಡಿ.

ಕೂಟದ ಮಧ್ಯೆ ಯಾರಾದರೂ ದಾಖಲೆ ಮುರಿದರೆ ಏನು ಮಾಡಬೇಕು ಅಂತ ಪ್ರತಿ ಸಂಘಟಕರ ಜೇಬಿನಲ್ಲಿ ಒಂದು ಚೀಟಿ ಇರಲಿ. ಯಾರಿಗೆ ಫೋನ್ ಮಾಡಬೇಕು, ಎಷ್ಟು ಹೊತ್ತಿನೊಳಗೆ ಏನಾಗಬೇಕು. ಇಪ್ಪತ್ತು ವರ್ಷದ ಹುಡುಗಿಗೆ ಅದು ಗೊತ್ತಿರಬೇಕಾಗಿಲ್ಲ, ನಿಮಗೆ ಗೊತ್ತಿರಬೇಕು.

ರಾಜ್ಯದವರಿಗೆ ಬೇರೆ ಬೇಡಿಕೆ. ಜಿಲ್ಲೆಗೊಂದು ಸಿಂಥೆಟಿಕ್ ಟ್ರ್ಯಾಕ್ ಅಂತ ಭಾಷಣ ಕೇಳಿ ಕೇಳಿ ಸಾಕಾಗಿದೆ, ಅದನ್ನು ನಾನು ಕೇಳುವುದಿಲ್ಲ. ತಾಲ್ಲೂಕಿಗೆ ಬೀಳುವ ಹರ್ಡಲ್ ಕೊಡಿ. ಹೈಸ್ಕೂಲ್ ಹುಡುಗಿಯರಿಗೆ ತಗ್ಗಿಸಲು ಬರುವಂಥವು, ಕಾಲೇಜಿನವರಿಗೆ ಏರಿಸಲು ಬರುವಂಥವು. ಪೂರ್ತಿ ಎಂಟು ಲೇನಿಗೆ ಬೇಡ, ನಾಲ್ಕು ಲೇನಿಗೆ ಸಾಕು, ಎರಡು ಸರದಿಯಲ್ಲಿ ಓಡಿಸಿಕೊಳ್ಳುತ್ತೇವೆ.

ಇನ್ನೊಂದು ವಿಷಯ. ಇದು ಬೇಡಿಕೆ ಅಂತಲೂ ಅಲ್ಲ, ಆಸೆ. ಮೂಡುಬಿದಿರೆಯ ಆ ಟ್ರ್ಯಾಕಿನ ಪಕ್ಕ ಒಂದು ಸಣ್ಣ ಬೋರ್ಡ್ ಹಾಕಿ. "2020ರ ಜನವರಿಯಲ್ಲಿ ಜ್ಯೋತಿ ಯರ್ರಾಜಿ ಇಲ್ಲಿ 13.03 ಸೆಕೆಂಡಿನಲ್ಲಿ ಓಡಿದಳು. ನಾವು ತಯಾರಿರಲಿಲ್ಲ." ದಾಖಲೆ ಅಂತ ಬರೆಯಬೇಡಿ, ನಿಯಮ ನಿಯಮವೇ. ಹಳೇ ಪುಸ್ತಕ ತಿದ್ದಿ ಅಂತಲೂ ನಾನು ಕೇಳುತ್ತಿಲ್ಲ. ಮುಂದೆ ಅಲ್ಲಿ ಕೂಟ ನಡೆಸಲು ಬಂದವರು ಹಾಯುವಾಗ ಒಮ್ಮೆ ಓದಲಿ, ಅಷ್ಟೇ.

ನಮ್ಮ ಶಾಲೆಯಲ್ಲಿ ಈಗ ಎಂಟನೇ ಕ್ಲಾಸಿನ ಹುಡುಗಿ ಒಬ್ಬಳಿದ್ದಾಳೆ. ಉದ್ದ ಕಾಲು, ಕೆಟ್ಟ ಹಟ. ನಾನು ಪಿವಿಸಿ ಪೈಪ್ ಕತ್ತರಿಸಿ ಮಾಡಿದ ಹರ್ಡಲ್ ಮೇಲೆ ಓಡುತ್ತಾಳೆ. ತಾಗಿದರೆ ಬೀಳುತ್ತದೆ, ಹಾಗಾಗಿ ಅವಳಿಗೆ ಇನ್ನೂ ಭಯ ಅಂದರೆ ಏನು ಅಂತ ಗೊತ್ತಿಲ್ಲ, ಪಟ್ಟಿ ಸವರಿಕೊಂಡೇ ಹೋಗುತ್ತಾಳೆ. ಈ ವರ್ಷ ಅವಳನ್ನು ತಾಲ್ಲೂಕು ಕೂಟಕ್ಕೆ ಕರೆತರುತ್ತೇನೆ. ಅಲ್ಲಿ ಯಾವ ಹರ್ಡಲ್ ಇಡುತ್ತೀರಿ ಅಂತ ಹದಿನೈದು ದಿನ ಮೊದಲು ಒಂದು ಮಾತು ತಿಳಿಸಿ. ಕಬ್ಬಿಣದ್ದೇ ಆದರೆ ಅವಳ ಹೆಸರನ್ನು ಉದ್ದ ಜಿಗಿತಕ್ಕೆ ಬರೆಸುತ್ತೇನೆ.

ಉತ್ತರಕ್ಕೆ ಕಾಯುತ್ತಿರುತ್ತೇನೆ.

ಇಂತಿ,
ಒಬ್ಬ ಪಿ.ಟಿ. ಟೀಚರ್